ಸೂಜಿಗಾಗಿ ಜಗಳ ತೆಗೆದ ಓಣಿ

ಸೀಮೆಎಣ್ಣೆಯ ಪಾಳಿಯಲ್ಲಿ ಹೆಂಗಸರು ಜಡೆ ಹಿಡಿದು ಎಳೆದಾಡಿದ್ದನ್ನು ನೀವು ನೋಡಿರಬಹುದು. ಒಂದೆರಡು ಸಲ ನಾನೇ ನಡುವೆ ಹೋಗಿ ಬಿಡಿಸಿದ್ದೇನೆ. ಆದರೆ ನನಗೂ ಸೂಜಿ ಚುಚ್ಚಿರಿ ಎಂದು ಜಗಳ ತೆಗೆದವರನ್ನು ಎಲ್ಲಾದರೂ ಕಂಡಿದ್ದೀರಾ?

ನಮ್ಮ ಓಣಿಯಲ್ಲಿ ಈ ದಸರೆಯ ಹೊತ್ತಿಗೆ ಅದೂ ಆಯಿತು.

ನಮ್ಮ ಓಣಿ ಗಾಂಧಿ ಚೌಕದ ಹಿಂದೆ. ಎರಡು ಸೈಕಲ್ಲು ಎದುರುಬದುರು ಬಂದರೆ ಒಬ್ಬ ಇಳಿಯಲೇಬೇಕು, ಅಷ್ಟು ಇಕ್ಕಟ್ಟು. ಅದರ ಬಾಯಿಗೇ ನನ್ನ ಸೈಕಲ್ ಅಂಗಡಿ. (ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಪೇಪರಿನಲ್ಲಿ ಏನು ಬರೆಯುತ್ತಾನೆ ಎಂದು ಈಗಲೂ ಕೇಳುವವರಿದ್ದಾರೆ. ನಾನು ಹಚ್ಚಿದ ಪ್ಯಾಚು ಕಿತ್ತದ್ದನ್ನು ಒಮ್ಮೆ ತಂದು ತೋರಿಸಲಿ, ಆಮೇಲೆ ಮಾತಾಡೋಣ.) ಓಣಿಗೆ ಬರುವವರು, ಹೋಗುವವರು ಎಲ್ಲರೂ ನನ್ನ ಕಣ್ಣ ಮುಂದೆಯೇ.

ವಾರಕ್ಕೆರಡು ಸಲ ನರ್ಸಬಾಯಿ ಬರುತ್ತಿದ್ದರು. ಹೆಸರು ಸುಶೀಲಾಬಾಯಿ, ಬಬಲೇಶ್ವರದವರು. ಬಿಳಿ ಸೀರೆ, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಛತ್ರಿ. ಅವರು ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಮೊದಲ ಬಾಗಿಲಿನಿಂದ ಕೊನೆಯ ಬಾಗಿಲಿನವರೆಗೆ ಎಲ್ಲ ಕಡೆಯೂ ಕೂಡುವುದು, ಕೂಸಿನ ರೆಪ್ಪೆ ಎಳೆದು ನೋಡುವುದು, ಕಿಟಕಿ ತೆರೆಸುವುದು, ಚಹಾ ಕೊಟ್ಟರೆ ಬೇಡ ಎನ್ನದೆ ಕುಡಿಯುವುದು.

"ಬಾಯಿಯವ್ರ, ಎಲ್ಲಾರ ಮನ್ಯಾಗೂ ಚಾ ಕುಡದ್ರ ಹೊಟ್ಟಿ ಗತಿ ಏನ್ರಿ?" ಎಂದು ನಾನೊಮ್ಮೆ ಚೇಷ್ಟೆ ಮಾಡಿದ್ದೆ.

"ನಿಮ್ಮ ಮನ್ಯಾಗ ಸಕ್ರಿ ಕಡಿಮಿ ಹಾಕ್ತಾರ, ಅದಕ್ಕ ಉಳದೈತ್ರಿ," ಎಂದು ನಗುತ್ತ ಹೋಗಿದ್ದರು.

ಇಷ್ಟೆಲ್ಲ ತಿರುಗಾಟ ಒಂದೇ ಒಂದು ಮನೆಗಾಗಿ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಮನೆ ಮಾದೇವಿಯದು. ಸಾರವಾಡದ ಹುಡುಗಿ, ಎಣ್ಣೆ ಗಿರಣಿಯಲ್ಲಿ ದುಡಿಯುವ ಸಿದ್ದಪ್ಪನ ಹೆಂಡತಿ. ಕಂಕುಳಲ್ಲಿ ಒಂದು ಹೆಣ್ಣು ಕೂಸು. ಅವಳಿಗೆ ಟಿಬಿ ಆಗಿತ್ತು. ವರ್ಷದ ಮೇಲೆ ಔಷಧ ತೆಗೆದುಕೊಳ್ಳಬೇಕು, ನಡುವೆ ಬಿಡುವ ಹಾಗಿಲ್ಲ. ನರ್ಸು ಅವಳ ಮನೆಗೆ ಮಾತ್ರ ಬಂದಿದ್ದರೆ ಆ ಬಿಳಿ ಸೀರೆಯೇ ಬಾಗಿಲಿಗೆ ಹೊಡೆದ ಬೋರ್ಡು ಆಗುತ್ತಿತ್ತು. ಅದಕ್ಕೇ ಓಣಿಯನ್ನೆಲ್ಲ ಸುತ್ತಿ, ಆ ಸುತ್ತಿನೊಳಗೆ ಅವಳನ್ನು ಬಚ್ಚಿಟ್ಟಿದ್ದರು. ಮಾದೇವಿಯ ಮುಖ ತುಂಬಿಕೊಳ್ಳತೊಡಗಿತ್ತು. ನೀರಿನ ಕೊಡ ಎತ್ತುವಾಗ ಏದುಸಿರು ನಿಂತಿತ್ತು.

ಆಗ ಬಂದಳು ನೋಡಿ ನೀಲವ್ವ, ಹೆಪ್ಪು ಕೇಳಿಕೊಂಡು.

ಪಕ್ಕದ ಮನೆಯವಳು. ಮೊಸರಿಗೆ ಹೆಪ್ಪು ಕೇಳಲು ಹೋಗುವವರು ನಮ್ಮಲ್ಲಿ ಬಾಗಿಲು ಬಡಿಯುತ್ತಾರೆಯೇ? ನೇರ ಅಡುಗೆಮನೆಗೇ ಹೋದಳು. ಒಲೆಯ ಮೇಲೆ ಪಾತೆಲಿ. ಒಳಗೆ ಗಾಜಿನ ಸಿರಿಂಜು ಕುದಿಯುತ್ತಿದೆ!

ಸಂಜೆಯೊಳಗೆ ನಳದ ಹತ್ತಿರ ಸಭೆ ಸೇರಿತು.

"ನಮಗ ಬರೇ ಕಿಟಕಿ ತೆರೀರಿ ಅನ್ನೂ ಉಪದೇಶ. ಅಕಿಗೆ ಮಾತ್ರ ಸೂಜಿ," ಎಂದಳು ನೀಲವ್ವ.

"ಶಕ್ತಿ ಸೂಜಿನ ಇರಬೇಕು ಬೇ. ಮಾರಿ ನೋಡು, ಹೆಂಗ ತುಂಬೈತಿ," ಎಂದಳು ಇನ್ನೊಬ್ಬಳು.

"ತುಂಬದ ಏನ್ ಮಾಡೀತು? ನರ್ಸಬಾಯಿ ಬಬಲೇಶ್ವರದಾಕಿ, ಇಕಿ ಸಾರವಾಡದಾಕಿ. ಒಂದ ಬಸ್ಸಿನ ಮಂದಿ!"

ಮಾದೇವಿ ಪಾಪ, "ಎದಿ ನೋವಿಗೆ ಮಾಡ್ಯಾರ್ರಿ ಅಕ್ಕಾ," ಎಂದಳು.

"ಎದಿ ನನಗೂ ನೋಯ್ತೈತಿ. ನನಗೂ ಮಾಡ್ಲಿ!"

ನಮ್ಮ ಜನಕ್ಕೆ ಸೂಜಿಯೆಂದರೆ ಅಷ್ಟು ಭಕ್ತಿ. ಗುಳಿಗೆ ಕೊಟ್ಟ ಡಾಕ್ಟರು ದಡ್ಡ, ಚುಚ್ಚಿದವನು ಜಾಣ. ಮರುಸಲ ನರ್ಸಬಾಯಿ ಬಂದಾಗ ನೀಲವ್ವ ತೋಳು ಏರಿಸಿಕೊಂಡೇ ನಿಂತಿದ್ದಳು. "ಬ್ಯಾಡಾದವ್ರಿಗೆ ಈ ಸೂಜಿ ಮಾಡಿದ್ರ ಕಿವಿ ಹೋಗ್ತಾವ್ರಿ ಯವ್ವಾ," ಎಂದು ಅವರು ಎಷ್ಟು ಹೇಳಿದರೂ ಕೇಳುವವರಾರು? ಯಾರಿಗೆ ಬೇಕು, ಯಾಕೆ ಬೇಕು ಎಂಬುದನ್ನು ಮಾತ್ರ ಅವರು ಬಾಯಿ ಬಿಡಲಿಲ್ಲ. ಬಿಡದ್ದೇ ಕಳ್ಳತನದ ಗುರುತಾಯಿತು.

ನೀಲವ್ವನ ಗಂಡ ಮಲ್ಲಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ದವಾಖಾನೆಯ ಮೇಲಿನ ಸಾಹೇಬರ ಹತ್ತಿರ ಹೋದ. ಸರ್ಕಾರದ ಔಷಧವನ್ನು ನರ್ಸು ತನ್ನ ಕಡೆಯವರಿಗೆ ಹಂಚುತ್ತಾಳೆ ಎಂದು ದೂರು.

ಸಾಹೇಬರು ಜೀಪಿನಲ್ಲೇ ಬಂದರು. ಓಣಿಯೊಳಗೆ ಜೀಪು ಹೋಗದು, ನನ್ನ ಅಂಗಡಿಯ ಮುಂದೆಯೇ ಇಳಿದರು. ಓಣಿಗೆ ಓಣಿಯೇ ಕೂಡಿತ್ತು. ಮಾದೇವಿ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಹಿಂದೆ ನಿಂತಿದ್ದಳು.

"ನರ್ಸಿನ ಮ್ಯಾಲ ಸುಳ್ಳ ಅಪವಾದ ಹಾಕ್ತೀರೇನು?" ಎಂದು ಸಾಹೇಬರು ಗದರಿದರು.

"ಸಾಹೇಬ್ರ, ಇಲ್ಲಿ ಬ್ಯಾಡ್ರಿ, ಆಮ್ಯಾಲ ಮಾತಾಡೂಣ್ರಿ," ಎಂದು ನರ್ಸಬಾಯಿ ಅಡ್ಡ ಬಂದರು.

"ನೀವು ಸುಮ್ಕಿರ್ರಿ. ಕೇಳ್ರಿ ಎಲ್ಲಾರೂ! ಆ ಹೆಣ್ಣಮಗಳಿಗೆ ಟಿಬಿ ಆಗೈತಿ. ಟಿಬಿ! ನಿಮ್ಮೊಳಗ ಇನ್ಯಾರಿಗೆ ಆಗೈತಿ, ಕೈ ಎತ್ರಿ. ಇಲ್ಲೇ ಸೂಜಿ ಮಾಡಸ್ತೀನಿ."

ಒಂದು ಕೈಯೂ ಮೇಲೇಳಲಿಲ್ಲ. ನೀಲವ್ವ ತನ್ನ ಕೂಸನ್ನು ಎತ್ತಿಕೊಂಡು ಹಿಂದೆ ಸರಿದಳು. ಮಾದೇವಿಯ ಸುತ್ತ ಜಾಗ ತಾನೇ ತೆರವಾಯಿತು. ಅವಳು ಕೊಡ ಕೆಳಗಿಟ್ಟು, ಅದನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಸಾಹೇಬರು ಸುಳ್ಳು ಹೇಳಿದರೇ? ಇಲ್ಲ. ಕೆಟ್ಟವರೇ? ಅದೂ ಅಲ್ಲ, ತಮ್ಮ ಕೈಕೆಳಗಿನ ನರ್ಸಿನ ಮರ್ಯಾದೆ ಉಳಿಸಲು ಬಂದವರು. ಉಳಿಸಿದರು. ಜೀಪು ತಿರುಗಿಸಿಕೊಂಡು ಹೋದರು.

ಮರುದಿನದಿಂದ ನಳದಲ್ಲಿ ಮಾದೇವಿಯ ಪಾಳಿ ಬರಲೇ ಇಲ್ಲ. ಮನೆಯ ಮಾಲಕ ಜಾಗ ಖಾಲಿ ಮಾಡಿ ಎಂದ. ನರ್ಸಬಾಯಿ ಮನೆಮನೆಗೆ ಹೋಗಿ ಕೈಮುಗಿದರು. "ಅಕಿ ಕಫದಾಗ ಈಗ ಜಂತು ಇಲ್ರಿ. ಔಷಧ ಹತ್ತೈತಿ. ಅಕಿಯಿಂದ ನಿಮಗೇನೂ ಆಗೂದಿಲ್ಲ."

"ಏನೂ ಆಗೂದಿಲ್ಲಂದ್ರ ನಿಮ್ಮ ಮನ್ಯಾಗ ಇಟ್ಕೋರಿ," ಎಂದಳು ನೀಲವ್ವ.

ಸಿದ್ದಪ್ಪ ಕೂಸನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೊರಟ. ನನ್ನ ಅಂಗಡಿಯ ಮುಂದೆ ಅವಳು ನಿಂತಳು.

"ಅಣ್ಣಾ, ಬಾಯಿಯವ್ರು ಬಂದ್ರ ಸಾರವಾಡಕ್ಕ ಹೋಗ್ಯಾಳ ಅಂತ ಹೇಳ್ರಿ. ಸೂಜಿ ಇನ್ನಾ ಉಳದಾವು. ಮುಗಿಸಿ ಬಂದ್ರ ಕೂಸು ನನ್ನ ಕೈಗೆ ಕೊಡ್ತಾರಂತ."

ಹೇಳಿದೆ. ನರ್ಸಬಾಯಿ ತಮ್ಮ ರಜೆಯ ದಿನ ಸಾರವಾಡಕ್ಕೆ ಹೋದರು. ಅದು ಅವರ ಕೆಲಸದ ಹದ್ದಿನೊಳಗಿನ ಊರಲ್ಲ, ಆದರೂ ಹೋದರು. ಅಲ್ಲಿಯೂ ಮೊದಲು ಬೇರೆ ನಾಲ್ಕು ಮನೆಗಳಲ್ಲಿ ಕೂತು, ಆಮೇಲೆ ಮಾದೇವಿಯ ಬಾಗಿಲಿಗೆ ಹೋದರಂತೆ. ಏನು ಪ್ರಯೋಜನ? ಸುದ್ದಿ ಇವರಿಗಿಂತ ಮುಂಚೆ ಬಸ್ಸು ಹತ್ತಿ ಹೋಗಿತ್ತು.

"ಅವರವ್ವ ಹೊಸ್ತಿಲದಾಗ ಅಡ್ಡ ನಿಂತ್ಲ್ರಿ," ಎಂದು ವಾಪಸು ಬಂದವರು ಹೇಳಿದರು. "'ಸಣ್ಣ ಮಗಳಿಗೆ ವರ ನೋಡಾಕತ್ತೇವಿ. ನಿಮ್ಮ ಕಾಲಿಗೆ ಬೀಳ್ತೇನಿ, ನೀವು ಒಳಗ ಬಂದ್ರ ಅಕಿ ಬಾಳೂ ಹಾಳಾಗ್ತೈತಿ,' ಅಂದ್ಲು. ಗುಳಿಗೀನೂ ಮುಟ್ಟಲಿಲ್ಲ. ಒಳಗ ಮಾದೇವಿ ಕೆಮ್ಮಾಕತ್ತಿದ್ಲು. ಆ ಕೆಮ್ಮು ಕೇಳಿದ್ರ ನನಗ ತಿಳೀತೈತ್ರಿ. ಮತ್ತ ಸುರು ಆಗೈತಿ."

ಪಂಕ್ಚರಿನ ಕೆಲಸದಲ್ಲಿ ನನಗೆ ಗೊತ್ತಿರುವುದು ಇಷ್ಟು. ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತೇನೆ, ಗುಳ್ಳೆ ಬಂದ ಕಡೆ ಗುರುತು ಹಾಕುತ್ತೇನೆ, ಪ್ಯಾಚು ಹಚ್ಚುತ್ತೇನೆ. ತೂತು ಬಿತ್ತೆಂದು ಟ್ಯೂಬಿನ ಮರ್ಯಾದೆ ಯಾರೂ ಕಳೆಯುವುದಿಲ್ಲ. ಸೈಕಲ್ಲನ್ನು ಊರು ಬಿಡಿಸುವುದಿಲ್ಲ. ಮನುಷ್ಯನ ಎದೆಯಲ್ಲಿ ತೂತು ಬಿದ್ದರೆ ಮಾತ್ರ ಗುರುತು ಹಾಕಲು ಇಡೀ ಓಣಿ ಸುಣ್ಣ ಹಿಡಿದು ನಿಲ್ಲುತ್ತದೆ. ಯಾಕೆ?

ಸಂಕ್ರಾಂತಿ ಮುಗಿದ ವಾರ ಮಾದೇವಿ ತೀರಿಕೊಂಡಳು.

ಓಣಿಯವರು ಟ್ರ್ಯಾಕ್ಟರ್ ಮಾಡಿಕೊಂಡು ಸಾರವಾಡಕ್ಕೆ ಹೋದರು. ನಾನೂ ಇದ್ದೆ. ನೀಲವ್ವ ಎಲ್ಲರಿಗಿಂತ ಜೋರಾಗಿ ಅತ್ತಳು. "ಹೂವಿನಂಥಾಕಿ, ಯವ್ವಾ, ಹೆಪ್ಪು ಕೇಳಿದ್ರ ಹಾಲು ಕೊಟ್ಟಾಕಿ!" ಆ ಅಳು ಸುಳ್ಳಲ್ಲ, ನಾನು ಮುಖ ನೋಡಿದ್ದೇನೆ. ನೀರು ಮುಟ್ಟಲು ಬಿಡದ ಕೈಗಳೇ ಮಣ್ಣು ಹಾಕಿದವು. ಸಿದ್ದಪ್ಪ ಕೂಸನ್ನು ತಂದಿರಲಿಲ್ಲ.

ನರ್ಸಬಾಯಿ ಈಗಲೂ ವಾರಕ್ಕೆರಡು ಸಲ ಬರುತ್ತಾರೆ. ಮೊದಲ ಬಾಗಿಲಿನಿಂದ ಕೊನೆಯ ಬಾಗಿಲಿನವರೆಗೆ ನಡೆಯುತ್ತಾರೆ. ಒಂದು ಬಾಗಿಲೂ ತೆರೆಯುವುದಿಲ್ಲ. ನನ್ನ ಮನೆಯಲ್ಲಿ ಮಾತ್ರ ಕೂಡುತ್ತಾರೆ. ಅದಕ್ಕೇ ಈಗ ನನ್ನ ಹೆಂಡತಿಗೂ ನಳದಲ್ಲಿ ಮಾತು ಕಡಿಮೆ.

ಮೊನ್ನೆ ಮಲ್ಲಪ್ಪ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದ. ಪಂಪು ಒತ್ತುವವನು ನಾನು, ಏದುಸಿರು ಬಿಡುವವನು ಅವನು. ಕೊರಳಿನ ಎಲುಬುಗಳು ಎದ್ದಿವೆ.

"ಮಲ್ಲಪ್ಪಾ, ಒಮ್ಮೆ ಬಾಯಿಯವ್ರಿಗೆ ತೋರಸೋ," ಎಂದೆ.

"ಯಾರಿಗೆ? ನನಗೇನಾಗೈತಿ ಲೇ? ಬೀಡಿ ಕೆಮ್ಮು ಇದು. ಇನ್ನೊಮ್ಮೆ ಓಣ್ಯಾಗ ಹಿಂಗಂದ್ರ ಸುಮ್ಕ ಬಿಡೂದಿಲ್ಲ ನೋಡು."

ಅವನ ಕಣ್ಣಿನಲ್ಲಿ ಇದ್ದದ್ದು ಸಿಟ್ಟಲ್ಲ.

ನಿನ್ನೆ ಬಿಳಿ ಸೀರೆ ಓಣಿಯ ಬಾಯಿಗೆ ಕಂಡಕೂಡಲೇ ಅವನ ಮನೆಯೊಳಗಿನ ಕೆಮ್ಮು ಗಪ್ಪಾಯಿತು. ನರ್ಸಬಾಯಿ ಆ ಬಾಗಿಲಿನ ಮುಂದೆ ನಿಂತರು, ಕಾದರು, ಮುಂದೆ ಹೋದರು. ಅವರು ತಿರುವು ದಾಟಿದ ಮೇಲೆ ಒಳಗಿನಿಂದ ಬಂದ ಕೆಮ್ಮು ನನ್ನ ಅಂಗಡಿಯವರೆಗೆ ಕೇಳಿಸಿತು.

ಮಲ್ಲಪ್ಪ ಇನ್ನೆಷ್ಟು ದಿನ ಉಸಿರು ಬಿಗಿ ಹಿಡಿದಾನು?