ಅಕ್ಕನಿಗಾಗಿ ಮೂವತ್ತು ಪೌಂಡು

"ನಿಮ್ಮ ಕಿಡ್ನಿ ತುಂಬಾ ಚೆನ್ನಾಗಿದೆ" ಎಂದು ಆಸ್ಪತ್ರೆಯ ನರ್ಸಮ್ಮ ಕಂಪ್ಯೂಟರ್ ಪರದೆಯೊಳಗಿಂದ ಹೇಳಿದಾಗ ನಾನು ನಿಜಕ್ಕೂ ನಾಚಿಕೊಂಡೆ. ನಲವತ್ತೇಳು ವರ್ಷಗಳಲ್ಲಿ ನನ್ನ ಯಾವ ಅಂಗವನ್ನೂ ಯಾರೂ ಹಾಗೆ ಹೊಗಳಿರಲಿಲ್ಲ. ಆದರೆ ಹೊಗಳಿಕೆ ಕಿಡ್ನಿಗಷ್ಟೇ ಸೀಮಿತವಾಗಿತ್ತು. ಅದರ ಸುತ್ತ ಇರುವ ಮನುಷ್ಯನ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ. ಇಷ್ಟು ದಪ್ಪ ಇರುವವರಿಂದ ನಾವು ಕಿಡ್ನಿ ತೆಗೆಯುವುದಿಲ್ಲ, ಮೂವತ್ತು ಪೌಂಡು ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್ ಮಾತು ಎಂದರು.

ಕಿಡ್ನಿ ಬೇಕಾಗಿದ್ದದ್ದು ನನ್ನ ಅಕ್ಕನಿಗೆ. ಅಮೆರಿಕದಲ್ಲೇ ಅವಳು ಇರುವುದು ದೂರದ ಫೇರ್‌ಫ್ಯಾಕ್ಸ್‌ನಲ್ಲಿ, ನಾನು ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ. ಕೊರೋನಾ ಬಂದ ವರ್ಷವೇ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಅದರ ಸುಸ್ತು. ಭಾವನಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಅವರಿಗೇ ಸಾಲದು. ಕಾಯುವವರ ಪಟ್ಟಿಯಲ್ಲಿ ಅಕ್ಕನ ಹೆಸರು ಎಲ್ಲೋ ಬಾಲದಲ್ಲಿತ್ತು. ಒಡಹುಟ್ಟಿದವನು ನಾನೊಬ್ಬನೇ, ಪರೀಕ್ಷೆಗಳೆಲ್ಲ ಹೊಂದಿಕೊಂಡವು. ಅವಳಿಗೂ ಅವಳ ಆಯುಸ್ಸಿಗೂ ನಡುವೆ ಈಗ ಅಡ್ಡ ನಿಂತಿದ್ದದ್ದು ನನ್ನ ಹೊಟ್ಟೆ. "ಯಾರಿಗೂ ಹೇಳ್ಬೇಡ ಕಣೋ, ಕಣ್ಣು ಬೀಳುತ್ತೆ" ಎಂದು ಅಕ್ಕ ಆಣೆ ಹಾಕಿಸಿದಳು. ಹೀಗಾಗಿ ಅಟ್ಲಾಂಟಾದ ಕನ್ನಡಿಗರ ಪಾಲಿಗೆ ನಾನು ಐವತ್ತು ಹತ್ತಿರವಾಗುತ್ತಿದ್ದಂತೆ ಹುಡುಗನಾಗಲು ಹೊರಟ ಇನ್ನೊಬ್ಬ ಗಂಡಸು, ಅಷ್ಟೆ.

ಜಿಮ್ಮುಗಳು ಆಗತಾನೇ ಬಾಗಿಲು ತೆರೆಯುತ್ತಿದ್ದವು. ಅಲ್ಲಿಗೆ ಹೋಗಿ ಕೊರೋನಾ ತಂದುಕೊಂಡರೆ ಕಿಡ್ನಿ ಕೊಡುವುದಿರಲಿ, ಅಕ್ಕನ ಮನೆಯ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ. ಏನಿದ್ದರೂ ಮನೆಯಲ್ಲೇ ಆಗಬೇಕು. ಹೊಸ ಟ್ರೆಡ್‌ಮಿಲ್ ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಇಡೀ ಅಮೆರಿಕ ಒಟ್ಟಿಗೇ ಸಣ್ಣಗಾಗಲು ತೀರ್ಮಾನಿಸಿತ್ತು. ಕೊನೆಗೆ ನಾರ್‌ಕ್ರಾಸ್‌ನ ದಿನಸಿ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ಸಿಕ್ಕಿತು. ಮಾರುವವರು ಬೆಂಗಳೂರಿನವರೇ. ಅವರ ಮನೆಯಲ್ಲಿ ಟ್ರೆಡ್‌ಮಿಲ್ ಯಾವುದೆಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಹಿಡಿಯ ಮೇಲೆ ಟವೆಲುಗಳು, ಇನ್ನೊಂದರ ಮೇಲೆ ಲಂಗಗಳು, ಓಡುವ ಪಟ್ಟಿಯ ಮೇಲೆ ಇಸ್ತ್ರಿಗೆ ಕಾಯುತ್ತಿದ್ದ ಅಂಗಿಗಳ ರಾಶಿ. "ಹೊಸದರ ಹಾಗೇ ಇದೆ, ನೋಡಿ ಸಾರ್" ಎಂದು ಅವರು ಬಟ್ಟೆ ಸರಿಸಿ ಗುಂಡಿ ಒತ್ತಿದರು. ಎರಡು ವರ್ಷದಲ್ಲಿ ಅದರ ಮೇಲೆ ಒಟ್ಟು ನಾಲ್ಕು ಮೈಲಿ ನಡೆದಿದ್ದರು. "ಅದ್ರಲ್ಲಿ ಮೂರು ನಮ್ಮತ್ತೇದು" ಎಂದೂ ಸೇರಿಸಿದರು, ಪ್ರಾಮಾಣಿಕ ಮನುಷ್ಯ. ನಾವು ಯಂತ್ರವನ್ನು ವ್ಯಾನಿಗೆ ಏರಿಸುವಾಗ ಅವರ ಹೆಂಡತಿ "ಇನ್ಮೇಲೆ ಬಟ್ಟೆ ಎಲ್ಲಿ ಹಾಕ್ಲಿ?" ಎಂದು ಕೇಳುತ್ತಿದ್ದರು.

ಬೇಸ್‌ಮೆಂಟಿನಲ್ಲಿ ಅದನ್ನು ಇಳಿಸಿದ ಕೂಡಲೇ ಹತ್ತಲು ಹೋದರೆ ನನ್ನ ಹೆಂಡತಿ ಬಿಡಲಿಲ್ಲ. "ಪೂಜೆ ಮಾಡ್ದೆ ಹತ್ತಬೇಡಿ ರೀ. ಕಾರಿಗೆ ಮಾಡ್ಲಿಲ್ವಾ? ಇದೂ ಓಡೋದೇ ತಾನೇ?" ಎಂದಳು. ತರ್ಕ ಸರಿಯಾಗಿಯೇ ಇತ್ತು. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಪಟ್ಟಿಯ ತುದಿಯಲ್ಲಿ ನಿಂಬೆಹಣ್ಣು ಇಟ್ಟೆವು. ಒಂಬತ್ತನೇ ಕ್ಲಾಸಿನ ಮಗಳು ಮೆಟ್ಟಿಲ ಮೇಲೆ ಕೂತು, "ಅಪ್ಪಾ, ಇದಕ್ಕೆ ವೀಲ್ಸ್ ಇಲ್ಲ. ಲೆಮನ್ ಕ್ರಶ್ ಆಗಲ್ಲ" ಎಂದಳು. ಹಿರಿಯರ ಶಾಸ್ತ್ರಕ್ಕೆ ಮಕ್ಕಳು ಅಡ್ಡ ಬಾಯಿ ಹಾಕಬಾರದು ಎಂದು ಗದರಿಸಿ ನಾನು ವೇಗವನ್ನು ಒಮ್ಮೆಲೇ ಏರಿಸಿದೆ. ನಿಂಬೆಹಣ್ಣು ಹಿಂದಕ್ಕೆ ಹಾರಿ ನೀರು ಕಾಯಿಸುವ ಟ್ಯಾಂಕಿಗೆ ಬಡಿದು, ಅಲ್ಲಿಂದ ಪುಟಿದು ನನ್ನ ಮೊಣಕಾಲಿಗೇ ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದು ಹಣ್ಣು ತಂದು, ಟ್ರೆಡ್‌ಮಿಲ್ ಪರವಾಗಿ ನಾನೇ ಕಾಲಿನಿಂದ ತುಳಿದು ಶಾಸ್ತ್ರ ಮುಗಿಸಿದೆ.

ಮೊದಲ ದಿನ ಹನ್ನೊಂದು ನಿಮಿಷ ನಡೆದೆ. ಹನ್ನೆರಡನೆಯ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು, ಈ ಯಂತ್ರವೇ ಸರಿಯಿಲ್ಲ, ನೆಲ ಓರೆಯಾಗಿದೆ ಎಂದು ಕೂಗಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹೆಂಡತಿ ನಗತೊಡಗಿದಳು. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಪಟ್ಟಿಯನ್ನು ಏರು ಮಾಡುವ ಗುಂಡಿ ನನ್ನ ಹೊಟ್ಟೆ ತಾಗಿಯೇ ಒತ್ತಿಹೋಗಿತ್ತು. ನಾನು ಹಟಮಾರಿ, ಸಿಟ್ಟಿನವನು. ಆ ಸಿಟ್ಟೇ ಉಪಯೋಗಕ್ಕೆ ಬಂತು. ಆಫೀಸಿನ ಮೀಟಿಂಗುಗಳನ್ನೂ ಅದರ ಮೇಲೆಯೇ ಮಾಡತೊಡಗಿದೆ. ಮ್ಯೂಟ್ ಮಾಡುವುದು ಮರೆತ ಒಂದು ದಿನ ನಮ್ಮ ಮ್ಯಾನೇಜರು ಮಾತು ನಿಲ್ಲಿಸಿ, ಯಾರದೋ ಮನೆಯಲ್ಲಿ ನಾಯಿಗೆ ಹುಷಾರಿಲ್ಲ ಅನ್ನಿಸುತ್ತದೆ, ಪರವಾಗಿಲ್ಲ, ಹೋಗಿ ನೋಡಿಕೊಳ್ಳಿ ಎಂದು ಅನುಕಂಪ ತೋರಿಸಿದರು.

ಹತ್ತು ಪೌಂಡು ಇಳಿಯುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಹತ್ತು ದಾಟಿದ ಮೇಲೆ ಊರೆಲ್ಲ ವೈದ್ಯರಾದರು. ಗಣೇಶನ ಹಬ್ಬಕ್ಕೆ ಒಬ್ಬರ ಹಿತ್ತಲಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ಒಬ್ಬ ಆಂಟಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, "ಶುಗರ್ರಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. "ಮತ್ತೆ ಕೆಲಸ ಹೋಯ್ತಾ?" ಎಂದರು. ಸಣ್ಣಗಾಗಲು ನಮ್ಮವರಲ್ಲಿ ಇವೆರಡೇ ಕಾರಣ. ಒಬ್ಬ ಅಂಕಲ್ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಅನ್ನ ವಿಷ ಎಂದು ಅರ್ಧ ಗಂಟೆ ವಿವರಿಸಿದರು. ವಿವರಿಸುತ್ತಿದ್ದಾಗ ಅವರ ತಟ್ಟೆಯಲ್ಲಿ ಬಿಸಿಬೇಳೆಬಾತು ಎರಡು ಸಲ ತುಂಬಿತು. ಆಮೇಲೆ ಇಬ್ಬರೂ ಸೇರಿ ನನ್ನ ತಟ್ಟೆಗೆ ನಾಲ್ಕು ಕಡುಬು ಹಾಕಿದರು. "ಡಯೆಟ್ ನಾಳೆಯಿಂದ ಮಾಡಿ, ಇವತ್ತು ಹಬ್ಬ." ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬವಿಲ್ಲದ ನಾಳೆ ಯಾವುದೆಂದು ನಾನು ಇಂದಿಗೂ ಹುಡುಕುತ್ತಿದ್ದೇನೆ.

ಇವರೆಲ್ಲರನ್ನೂ ಹೇಗೋ ನಿಭಾಯಿಸಬಹುದಿತ್ತು. ನಿಭಾಯಿಸಲಾಗದೆ ಹೋದದ್ದು ಅಕ್ಕನ ಪಾರ್ಸೆಲ್‌ಗಳನ್ನು.

ಎರಡು ವಾರಕ್ಕೊಮ್ಮೆ ಫೇರ್‌ಫ್ಯಾಕ್ಸ್‌ನಿಂದ ಒಂದು ಪೆಟ್ಟಿಗೆ ಬಂದು ನಮ್ಮ ಬಾಗಿಲಲ್ಲಿ ಕೂರುತ್ತಿತ್ತು. ಕೋಡುಬಳೆ, ಚಕ್ಕುಲಿ, ಬೆಣ್ಣೆ ಮುರುಕು, ಕೊಬ್ಬರಿ ಮಿಠಾಯಿ. ಡಯಾಲಿಸಿಸ್ ಮುಗಿಸಿ ಬಂದು, ಗೋಡೆ ಹಿಡಿದು ನಡೆಯುವ ಹೆಂಗಸು ಒಲೆ ಮುಂದೆ ನಿಂತು ಕರಿದದ್ದು. ಅವಳು ಅದರಲ್ಲಿ ಒಂದು ಚೂರನ್ನೂ ತಿನ್ನುವಂತಿರಲಿಲ್ಲ. ಉಪ್ಪು ಬೇಡ, ತೆಂಗಿನಕಾಯಿ ಬೇಡ, ಬೇಳೆ ಬೇಡ, ಬಾಳೆಹಣ್ಣೂ ಬೇಡ ಎಂದು ಆಸ್ಪತ್ರೆಯವರು ಅವಳ ನಾಲಿಗೆಗೆ ಬೀಗ ಹಾಕಿದ್ದರು. "ನಾನಂತೂ ತಿನ್ನೋ ಹಾಗಿಲ್ಲ. ನೀನು ತಿಂದೆ ಅಂತ ಕೇಳಿದ್ರೆ ನಂಗೆ ಹೊಟ್ಟೆ ತುಂಬುತ್ತೆ ಕಣೋ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಅಂಥದ್ದನ್ನು ಕಸಕ್ಕೆ ಹಾಕುವ ಕೈ ಯಾರಿಗಿದೆ? ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಬೆವರು ಸುರಿಸಿ ಸಂಜೆ ಅಕ್ಕನ ಹೆಸರಿನಲ್ಲಿ ಕೋಡುಬಳೆ ಕಡಿಯುತ್ತಿದ್ದೆ. ಮಗಳು ಡಬ್ಬಿಯನ್ನು ಅಡಗಿಸಿಟ್ಟರೆ ಹುಡುಕಿ ತೆಗೆಯುತ್ತಿದ್ದೆ. ಆದರೂ ಟ್ರೆಡ್‌ಮಿಲ್ ಗೆದ್ದಿತು. ದೀಪಾವಳಿಯ ಹೊತ್ತಿಗೆ ಮೂವತ್ತೊಂದು ಪೌಂಡು ಇಳಿದಿದ್ದೆ.

ತೂಕ ನೋಡುವುದು ಅಕ್ಕನ ಕಡೆಯ ಆಸ್ಪತ್ರೆಯಲ್ಲೇ. ಕೆರೊಲಿನಾ ರಾಜ್ಯಗಳೆರಡನ್ನೂ ದಾಟಿಕೊಂಡು ಹತ್ತು ಗಂಟೆಗೂ ಮೀರಿ ಒಬ್ಬನೇ ಡ್ರೈವ್ ಮಾಡಿ, ವಾರ ಮೊದಲೇ ಅವಳ ಮನೆ ಸೇರಿದೆ. ಅದೇ ತಪ್ಪಾಯಿತು. ಬಾಗಿಲಲ್ಲೇ ನನ್ನನ್ನು ನೋಡಿ ಅವಳ ಮುಖ ಇಳಿದುಹೋಯಿತು. "ಏನೋ ಇದು, ಬರೀ ಮೂಳೆ!" ಎಂದಳು. ಇನ್ನೂರು ಪೌಂಡಿನ ಹತ್ತಿರ ತೂಗುವವನ ಮೂಳೆ ಅವಳೊಬ್ಬಳಿಗೇ ಕಾಣಿಸುವುದು. ಆ ವಾರ ಹೋಳಿಗೆ, ಮೈಸೂರುಪಾಕು, ಗಸಗಸೆ ಪಾಯಸ. ಬೇಡ ಎಂದರೆ ತಟ್ಟೆ ಮುಂದೆ ಕೂತು ನನ್ನ ಮುಖವನ್ನೇ ನೋಡುವಳು. ಯಾರಿಗಾದರೂ ಬೇಡ ಎನ್ನಬಹುದು, ನಿಮ್ಮನ್ನು ಎತ್ತಿ ಆಡಿಸಿದವಳು, ತನ್ನ ಬಾಯಿ ಕಟ್ಟಿಕೊಂಡು ಮಾಡಿಟ್ಟ ಹೋಳಿಗೆಯನ್ನು ಬೇಡ ಎನ್ನಲಾಗುವುದಿಲ್ಲ. ಆಸ್ಪತ್ರೆಯ ತಕ್ಕಡಿ ಹತ್ತಿದಾಗ ಏಳು ಪೌಂಡು ಹೆಚ್ಚು. ರಜೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದು ನರ್ಸಮ್ಮ ನಗುತ್ತ, ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅಕ್ಕ ಮಾತ್ರ, "ಹೋಗ್ಲಿ ಬಿಡೋ" ಎಂದಳು, ಅಷ್ಟು ಸಲೀಸಾಗಿ.

ಆ ಮೂರು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಹೆಂಡತಿ ಮಗಳ ಮೇಲೆ ರೇಗಿದೆ, ಬಂದ ಪಾರ್ಸೆಲ್‌ಗಳನ್ನು ಬಿಚ್ಚದೆ ಅಕ್ಕಪಕ್ಕದ ಮನೆಯವರಿಗೆ ಹಂಚಿದೆ, ಟ್ರೆಡ್‌ಮಿಲ್ಲಿನ ಪಟ್ಟಿ ಸವೆಯಿತು. ಅದರ ಪಕ್ಕಕ್ಕೆ ನಿಂತಲ್ಲೇ ತುಳಿಯುವ ಒಂದು ಸೈಕಲ್ ಬಂತು, ಎಂದಿನಂತೆ ಕುಂಕುಮ ಹಚ್ಚಿಸಿಕೊಂಡು. ಅಷ್ಟರಲ್ಲಿ ಅಕ್ಕನ ಕೈಯ ನರಗಳು ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದವು. ಈ ಸಲ ತೂಕದ ದಿನಕ್ಕೆ ಎರಡು ದಿನ ಮೊದಲಷ್ಟೇ ಹೋದೆ. ಹೊರಡುವ ಬೆಳಿಗ್ಗೆ ಗುರಿಗಿಂತ ಒಂದೇ ಪೌಂಡು ಕೆಳಗಿದ್ದೆ. "ನಂಗೆ ಓಟ್ಸು ಸಾಕು, ಬರೀ ನೀರಲ್ಲಿ ಬೇಯ್ಸಿ ಕೊಡು" ಎಂದು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದೆ. "ಆಯ್ತಪ್ಪ" ಎಂದಿದ್ದಳು.

ಮರುದಿನ ಬೆಳಿಗ್ಗೆ ಭಾವನ ಹಳೆಯ ಸೈಕಲ್ ತುಳಿದು ಬೇಸ್‌ಮೆಂಟಿನಿಂದ ಮೇಲೆ ಬಂದೆ. ಅಕ್ಕ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಪಾತ್ರೆಯಲ್ಲಿ ನನ್ನ ಓಟ್ಸು. ತುಪ್ಪದ ಡಬ್ಬಿಯಿಂದ ಒಂದು ಸೌಟು ಹಾಕಿ ಕಲಸಿದಳು. ಕಾಣದಂತೆ ಕರಗುವವರೆಗೂ ಕಲಸಿ ಇನ್ನೊಂದು ಹಾಕಿದಳು. ಪ್ರೀತಿಗೆ ತುಪ್ಪ ಹಾಕುವವರು ಮೇಲೆ ಹಾಕುತ್ತಾರೆ, ಕಾಣುವ ಹಾಗೆ. ಇವಳು ಬಚ್ಚಿಡುತ್ತಿದ್ದಳು.

"ಏನೇ ಮಾಡ್ತಿದ್ದೀಯ?" ಎಂದೆ.

ಬೆಚ್ಚಿ ತಿರುಗಿದಳು. ಸೌಟು ಕೈಯಲ್ಲೇ ಇತ್ತು. "ಒಂದು ಚಮಚ ಅಷ್ಟೇ ಕಣೋ."

"ಅಕ್ಕ, ನಾಳೆ ತೂಕ. ಒಂದು ಪೌಂಡಲ್ಲಿ ನಿಂತಿದೆ ಎಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು" ಎಂದಳು. ಆಮೇಲೆ ತಲೆ ತಗ್ಗಿಸಿ, "ಅದಕ್ಕೇ" ಎಂದಳು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಪಾರ್ಸೆಲ್‌ಗಳು, ಹೋಳಿಗೆ, ಪಾಯಸ, ಆ "ಹೋಗ್ಲಿ ಬಿಡೋ" ಎಲ್ಲ ಒಟ್ಟಿಗೆ ತಲೆಯೊಳಗೆ ಬಂದು ಬಿದ್ದವು. ಇಡೀ ವರ್ಷ ನಾನು ಅಲ್ಫರೆಟಾದಲ್ಲಿ ಇಳಿಸುತ್ತಿದ್ದೆ, ಅವಳು ಫೇರ್‌ಫ್ಯಾಕ್ಸ್‌ನಲ್ಲಿ ಕೂತು ಏರಿಸುತ್ತಿದ್ದಳು.

"ನಿಂಗೊಬ್ಬಳು ಮಗಳಿದ್ದಾಳೆ" ಎಂದಳು. "ನಾಳೆ ನಿಂಗೇ ಏನಾದ್ರೂ ಆದ್ರೆ ಇನ್ನೊಂದು ಎಲ್ಲಿಂದ ತರ್ತೀಯ? ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ?"

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಕೇಳ್ತಿದ್ಯಾ? ಹುಟ್ಟಿದಾಗಿಂದ ನಿನ್ನ ಹತ್ರ ಮಾತಲ್ಲಿ ಗೆದ್ದಿದ್ದೇ ಇಲ್ಲ ನಾನು. ಊಟ ಹಾಕೇ ಗೆದ್ದಿರೋದು."

ನಾನು ಕೂಗಾಡಿದೆ. ಅಷ್ಟು ಕಾಯಿಲೆಯವಳ ಮೇಲೆ ಹಾಗೆ ಕೂಗಬಾರದಿತ್ತು, ಆದರೂ ಕೂಗಿದೆ. ನೀನು ಹಾಕಿದ ಒಂದೊಂದು ಸೌಟೂ ನಿನ್ನ ಒಂದೊಂದು ದಿನ ಕಣೇ, ನಿನ್ನ ದಿನಗಳನ್ನೇ ನನಗೆ ಉಣಿಸುತ್ತಿದ್ದೀಯ, ನನಗೆ ಅದು ಜೀರ್ಣವಾಗುತ್ತದೆ ಅಂದುಕೊಂಡಿದ್ದೀಯಾ ಎಂದೆ. ಭಾವ ಅಡುಗೆಮನೆಯ ಬಾಗಿಲವರೆಗೆ ಬಂದು, ಇಬ್ಬರ ಮುಖ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋದರು. ನಾನು ಮತ್ತೆ ಬೇಸ್‌ಮೆಂಟಿಗೆ ಇಳಿದು, ಕಾಲು ನಡುಗುವವರೆಗೂ ಸೈಕಲ್ ತುಳಿದೆ. ಮೇಲೆ ಹೆಜ್ಜೆಯ ಸದ್ದಾಗಲಿ, ಪಾತ್ರೆಯ ಸದ್ದಾಗಲಿ ಕೇಳಿಸಲಿಲ್ಲ.

ಮಧ್ಯಾಹ್ನ ಅಕ್ಕ ಮೆಟ್ಟಿಲ ಮೇಲಿಂದ ಊಟಕ್ಕೆ ಕರೆದಳು. ಒಲೆ ಹಚ್ಚಿರಲಿಲ್ಲ. ಮೇಜಿನ ಮೇಲೆ ಎರಡು ತಟ್ಟೆ, ಎರಡರಲ್ಲೂ ಬರೀ ಸೌತೆಕಾಯಿ ಹೋಳು. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಅವಳೂ ಎದುರಿಗೆ ಕೂತಳು. ಕಣ್ಣು ಊದಿಕೊಂಡಿತ್ತು.

"ತಿನ್ನು" ಎಂದಳು. "ನಾಳೆ ತೂಕ ಇದೆ."

ಸಪ್ಪೆ ಎಂದರೆ ಸಪ್ಪೆ. ಕಿಡ್ನಿ ತೆಗೆದ ಮೇಲೆ ಆಸ್ಪತ್ರೆಯವರು ಎರಡು ದಿನ ಕೊಟ್ಟ ಊಟವನ್ನೂ ಲೆಕ್ಕಕ್ಕೆ ಸೇರಿಸಿಯೇ ಹೇಳುತ್ತೇನೆ, ಅಷ್ಟು ಕೆಟ್ಟ ಊಟ ನನ್ನ ಜನ್ಮದಲ್ಲಿ ಮಾಡಿಲ್ಲ. ಒಂದು ಹೋಳೂ ಬಿಡದೆ ತಿಂದೆ.