ಉಯ್ಯಾಲೆಯ ಅಡಿಯಲ್ಲಿ

ಸ್ನೇಹಿತರೇ, ಹಿತ್ತಿಲಿನ ಬೋಳು ಸಿಮೆಂಟು ಅಂಗಳಕ್ಕೆ ಟೈಲ್ಸ್ ಹಾಕಿಸಿ, ಬೆತ್ತದ ಕುರ್ಚಿ, ಹೂಕುಂಡ, ಕಬ್ಬಿಣದ ಉಯ್ಯಾಲೆ ಇಟ್ಟಿದ್ದೆವು. ಇವತ್ತು ಸಂಜೆ ನೋಡಲು ಕರೆದರೆ ಪಕ್ಕದ ಮನೆಯ ಮೂಸಾಕ ಮೆಟ್ಟಿಲಿನಿಂದ ಕೆಳಗಿಳಿಯಲೇ ಇಲ್ಲ.

"ಹಳಬರು ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗ ಇದರ ಅಡಿಯಲ್ಲೇ ಅಲ್ವಾ ಮಾರಾಯ್ರೆ ಇರುವುದು? ಮುಚ್ಚಿಸಿದ್ದೀರಾ?"

ಮನೆ ಕೊಂಡಾಗ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಉಯ್ಯಾಲೆಯಲ್ಲಿದ್ದ ನನ್ನ ಹೆಂಡತಿ ಕಾಲೂರಿ ನಿಲ್ಲಿಸಿದಳು. ಊರಿದ್ದೇ ತಪ್ಪೆನಿಸಿ ಕಾಲನ್ನು ಮತ್ತೆ ಎತ್ತಿಕೊಂಡಳು.

"ಈಗ ಎಂತ ಮಾಡುವುದು?"

"ಹೆದರಲಿಕ್ಕೆ ಎಂತ ಇಲ್ಲ ಅಕ್ಕ. ಮೆಲ್ಲ ಎದ್ದು ಬನ್ನಿ," ಎಂದ ಮೂಸಾಕ ನನ್ನ ತೋಳು ಹಿಡಿದರು. "ನೀವು ಹೋಗ್ಬೇಡಿ. ಇಬ್ಬರ ಭಾರ ಬೇಡ."

ಅವಳು ಬಂದಳು. ಈಗ ಇಬ್ಬರೂ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೇವೆ. ಜಾಗವೇನೋ ಚಂದವಾಗಿದೆ. ಅಲ್ಲಿನ ದೀಪ ಆರಿಸಬೇಕು; ಸ್ವಿಚ್ಚು ಅಂಗಳದ ಆಚೆ ಬದಿಯ ಗೋಡೆಯಲ್ಲಿದೆ.