ಹೊಲಿಗೆ ಟೀಚರ್ ಕಲಿತ ಸರ್ಕ್ಯೂಟ್

ಸೂಜಿಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಓದುವಾಗ ಹೊಲಿಗೆ ಪೀರಿಯಡ್ಡು ಬಂತೆಂದರೆ ನನಗೆ ತಲೆನೋವು ಶುರುವಾಗುತ್ತಿತ್ತು. ನಮ್ಮ ಹೊಲಿಗೆ ಟೀಚರ್ ನನ್ನ ಕರ್ಚೀಫನ್ನು ಬೆಳಕಿಗೆ ಹಿಡಿದು ನೋಡಿ, ಬೈಯದೆ, ಹೊಡೆಯದೆ, "ಬಿಚ್ಚು, ಮತ್ತೆ ಹಾಕು" ಎನ್ನುತ್ತಿದ್ದರು. ಬೈದಿದ್ದರೆ ಎದುರುತ್ತರ ಕೊಡುವಷ್ಟು ಬಾಯಿ ನನಗಿತ್ತು. ಇಷ್ಟೇ ಮಾತಿಗೆ ಏನು ಹೇಳುವುದು? ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಆ ಕರ್ಚೀಫು ಮುಗಿಯಲೇ ಇಲ್ಲ.

ಅರವತ್ತರ ದಶಕದ ನಡುವಿಗೆ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅದೇ ಟೀಚರ್! ಭದ್ರಾವತಿಯಿಂದ ಮೊದಲ ರೈಲಿಗೇ ಬಂದಿದ್ದರು. ನಾನು ಗಾಬರಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತೆ, ಕರ್ಚೀಫು ಕೇಳಲು ಬಂದಿದ್ದಾರೇನೋ ಎನ್ನುವ ಹಾಗೆ.

"ನಂಗೆ ಕರೆಂಟಿನ ಪಾಠ ಹೇಳ್ಕೊಡೇ ಮಾರಾಯ್ತಿ" ಎಂದರು.

ಸಂಗತಿ ಇಷ್ಟು. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆಂದು ವಿಜ್ಞಾನದ ವಿಭಾಗವೊಂದನ್ನು ಹೊಸದಾಗಿ ತೆರೆದಿದ್ದರು. ಅದಕ್ಕೆ ಬಂದ ಮೇಷ್ಟ್ರು ವರ್ಗವಾಗಿ ಹೋದರು, ಬೇರೆ ಯಾರೂ ಬರಲಿಲ್ಲ. ಮದುವೆಗೆ ಮುಂಚೆ ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನ ಓದಿದ್ದವರೆಂದರೆ ಇಡೀ ಶಾಲೆಯಲ್ಲಿ ಹೊಲಿಗೆ ಟೀಚರ್ ಒಬ್ಬರೇ. ವರ್ಷದ ಕೊನೆಗೆ ಇಲಾಖೆಯ ಅಧಿಕಾರಿ ಬಂದು ಪಾಠ ನೋಡುತ್ತಾರೆ, ಸರಿಯಿಲ್ಲವೆಂದರೆ ವಿಭಾಗ ಮುಚ್ಚುತ್ತದೆ. ಮಗಳನ್ನು ಗಂಡುಹುಡುಗರ ಶಾಲೆಗೆ ಕಳಿಸುವ ತಂದೆತಾಯಿಗಳು ಅಲ್ಲಿ ಯಾರೂ ಇರಲಿಲ್ಲ. ಆ ಹುಡುಗಿಯರ ವಿಜ್ಞಾನ ಅಲ್ಲಿಗೇ ಮುಗಿದಂತೆ.

ಅಂದಿನಿಂದ ಭಾನುವಾರಗಳೆಲ್ಲ ಅವರವು. ಓಮನ ನಿಯಮ ಬೇಗ ಹಿಡಿದರು. ತೊಡಕಾದದ್ದು ಸಮಾನ ಸರ್ಕ್ಯೂಟಿನಲ್ಲಿ, ಅಂದರೆ ಹಲವು ರೆಸಿಸ್ಟೆನ್ಸುಗಳ ಬದಲು ಒಂದೇ ಒಂದನ್ನು ಹಾಕುವುದಾದರೆ ಅದು ಎಷ್ಟಿರಬೇಕು ಎನ್ನುವ ಲೆಕ್ಕದಲ್ಲಿ. ಹೊಸಬರೆಲ್ಲ ಎಡವುವುದು ಇಲ್ಲಿಯೇ. ಚಿತ್ರ ಕಾಣುವ ಹಾಗೆಯೇ ಕರೆಂಟೂ ಹರಿಯುತ್ತದೆ ಎಂದು ನಂಬಿಬಿಡುತ್ತಾರೆ. ನಾನು ಕೊಟ್ಟ ಚಿತ್ರದಲ್ಲಿ ಆರಾರು ಓಮಿನ ಮೂರು ರೆಸಿಸ್ಟೆನ್ಸು ಒಂದೇ ಸಾಲಿನಲ್ಲಿದ್ದವು. ಅವುಗಳ ತುದಿಗಳಲ್ಲಿ ನಾಲ್ಕು ಬಿಂದು. ಒಂದನೆಯ ಬಿಂದುವಿನಿಂದ ಮೂರನೆಯದಕ್ಕೆ ಮೇಲುಗಡೆ ಒಂದು ಬರಿಯ ತಂತಿ, ಎರಡನೆಯದರಿಂದ ನಾಲ್ಕನೆಯದಕ್ಕೆ ಕೆಳಗಡೆ ಇನ್ನೊಂದು.

"ಸಾಲಾಗಿ ಅವೆಯಲ್ಲ, ಕೂಡಿದ್ರೆ ಹದಿನೆಂಟು" ಎಂದರು ಟೀಚರ್.

"ಚಿತ್ರ ನಂಬಬೇಡಿ ಟೀಚರ್. ತಂತಿ ಎಲ್ಲೆಲ್ಲಿ ಮುಟ್ಟಿದೆ ಅಷ್ಟನ್ನೇ ನೋಡಿ" ಎಂದೆ. ಹೇಳಿದ್ದನ್ನೇ ಹೇಳಿ ನನ್ನ ದನಿ ಏರುತ್ತಿತ್ತು. ನನ್ನ ತಾಳ್ಮೆ ಯಾವತ್ತೂ ಮೂಗಿನ ತುದಿಯಲ್ಲೇ. ಅವರ ತಾಳ್ಮೆ ಮಾತ್ರ ಅಲುಗಲಿಲ್ಲ.

ಮುಂದಿನ ವಾರ ಬರುವಾಗ ಕಸೂತಿಯ ಫ್ರೇಮು ತಂದಿದ್ದರು. ಬಿಳಿ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಅದೇ ಚಿತ್ರ. "ಒಂದು ತಂತಿಗೆ ಒಂದು ಬಣ್ಣದ ದಾರ. ತಂತಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಅದೇ ಬಣ್ಣ. ಸರೀನಾ?" ನನಗೆ ಕುಣಿಯುವಂತಾಯಿತು. ಆದರೆ ಹೊಲಿಯುತ್ತಾ ಹೊಲಿಯುತ್ತಾ ಅವರ ಕೆಂಪು ದಾರ ರೆಸಿಸ್ಟೆನ್ಸಿನ ಅಡಿಯಲ್ಲಿ ನುಸುಳಿ ಆಚೆ ಬದಿಗೆ ಎದ್ದುಬಂತು.

"ಅಯ್ಯೋ, ಅಲ್ಲಿ ಯಾಕೆ ದಾಟಿಸಿದ್ರಿ?"

"ಬಟ್ಟೆ ಅಡಿ ಹೋಗಿ ಬಂದ್ರೂ ಅದೇ ದಾರ ಅಲ್ವೇನೇ?"

ಹೊಲಿಗೆ ಕಲಿಸಿದವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ನಾನು ಬಿದ್ದು ಬಿದ್ದು ನಕ್ಕೆ, ಅವರೂ ನಕ್ಕರು. ಆಮೇಲೆ ನಾನು ಹೇಳಿದೆ: "ರೆಸಿಸ್ಟೆನ್ಸ್ ಬಂದಲ್ಲಿ ದಾರ ಕತ್ತರಿಸಿ ಟೀಚರ್. ಆಚೆ ಕಡೆ ಬೇರೆ ಬಣ್ಣ." ಅವರು ಎಳೆಯೆಳೆಯಾಗಿ ಬಿಚ್ಚಿದರು, ಮತ್ತೆ ಹಾಕಿದರು. ಒಂದು, ಮೂರನೆಯ ಬಿಂದುಗಳು ಕೆಂಪಾದವು. ಎರಡು, ನಾಲ್ಕು ನೀಲಿಯಾದವು. ಪ್ರತಿ ರೆಸಿಸ್ಟೆನ್ಸಿಗೂ ಒಂದು ತುದಿ ಕೆಂಪು, ಇನ್ನೊಂದು ನೀಲಿ! ಕೆಂಪನ್ನೆಲ್ಲ ಒಂದು ಕಡೆ, ನೀಲಿಯನ್ನೆಲ್ಲ ಇನ್ನೊಂದು ಕಡೆ ಸೇರಿಸಿ ಚಿತ್ರ ಹೊಸದಾಗಿ ಬರೆದರೆ ಮೂರೂ ಏಣಿಯ ಮೆಟ್ಟಿಲುಗಳಂತೆ ನಿಂತವು.

"ಸಾಲಲ್ಲಿಲ್ಲ ಕಣೇ, ಸಮಾಂತರ! ಹದಿನೆಂಟಲ್ಲ, ಆರನ್ನ ಮೂರು ಪಾಲು ಮಾಡಿದ್ರೆ ಎರಡು!" ಎಂದು ಅವರು ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಆ ವಾರದಿಂದ ಶಾಲೆಯ ಹುಡುಗಿಯರಿಗೂ ದಾರ ಹಿಡಿದೇ ಪಾಠ ಶುರುಮಾಡಿದರು.

ಅಧಿಕಾರಿ ಬರುವ ದಿನ ನಾನು ರಜೆ ಹಾಕಿ ಭದ್ರಾವತಿಗೆ ಹೋದೆ. ಹೋದವಳೇ ಟೀಚರಿಗೆ ಒಂದು ಬುದ್ಧಿವಾದವನ್ನೂ ಹೇಳಿದೆ: "ಏನಾದ್ರೂ ತಪ್ಪಿದ್ರೆ ತೋರಿಸ್ಕೋಬೇಡಿ, ಸುಮ್ನೆ ಅಳಿಸಿ ಮುಂದೆ ಹೋಗಿ." ಮೇಷ್ಟ್ರುಗಳೆಲ್ಲ ಬದುಕುವುದು ಹಾಗೆಯೇ ಎಂದು ನನ್ನ ತಿಳಿವಳಿಕೆ. ಅವರು ಬಣ್ಣದ ಚಾಕ್‌ಪೀಸಿನ ಡಬ್ಬಿ ಎತ್ತಿಕೊಂಡು ತರಗತಿಗೆ ನಡೆದರು.

ಹೆಡ್‌ಮಿಸ್ಟ್ರೆಸ್ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಅಧಿಕಾರಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಟೀಚರ್ ಬೋರ್ಡಿನ ಮೇಲೆ ಅದೇ ಮೂರು ರೆಸಿಸ್ಟೆನ್ಸಿನ ಚಿತ್ರ ಬರೆದು ಕೆಂಪು ಚಾಕ್‌ಪೀಸು ಹಿಡಿದರು. ಒಂದನೆಯ ಬಿಂದುವಿಗೆ ಕೆಂಪು, ಮೇಲಿನ ತಂತಿಯ ಉದ್ದಕ್ಕೂ ಕೆಂಪು, ಮೂರನೆಯದಕ್ಕೂ ಕೆಂಪು. ಕೈ ಅಲ್ಲಿ ನಿಲ್ಲಲಿಲ್ಲ. ಹೆದರಿದ ಕೈ ಹಳೆಯ ಅಭ್ಯಾಸಕ್ಕೆ ಜಾರಿ, ರೆಸಿಸ್ಟೆನ್ಸಿನ ಮೂಲಕವೇ ಹಾಯ್ದು ನಾಲ್ಕನೆಯ ಬಿಂದುವನ್ನೂ ಕೆಂಪು ಮಾಡಿತು. ಅಧಿಕಾರಿಯ ಹುಬ್ಬು ಮೇಲೇರಿತು. ಅಳಿಸಿ, ಅಳಿಸಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಅಷ್ಟರಲ್ಲಿ ಮುಂದಿನ ಸಾಲಿನ ಸಣಕಲು ಹುಡುಗಿಯೊಬ್ಬಳು ಕೈ ಎತ್ತಿ ನಿಂತಳು. "ಟೀಚರ್, ಅಲ್ಲಿ ದಾರ ಬಿಚ್ಬೇಕು. ರೆಸಿಸ್ಟೆನ್ಸ್ ದಾಟಿದೆ."

ಟೀಚರ್ ಬೋರ್ಡು ನೋಡಿದರು. "ಹೌದಲ್ಲ! ದಾಟಿಬಿಟ್ಟಿದೆ. ಬಾ, ಬಿಚ್ಚು, ಮತ್ತೆ ಹಾಕು" ಎಂದು ಚಾಕ್‌ಪೀಸನ್ನು ಅವಳ ಕೈಗಿಟ್ಟು ಪಕ್ಕಕ್ಕೆ ಸರಿದು ನಿಂತರು. ಹುಡುಗಿ ಒರೆಸಿದಳು, ನೀಲಿ ಹಚ್ಚಿದಳು. ಇನ್ನೊಬ್ಬಳು ಕರೆಯದೆಯೇ ಎದ್ದುಬಂದು ಏಣಿ ಬರೆದಳು. ಉತ್ತರ ಇಡೀ ತರಗತಿಯಿಂದ ಒಟ್ಟಿಗೇ ಬಂತು.

ಅಧಿಕಾರಿ ಇನ್ನೆರಡು ಚಿತ್ರಗಳನ್ನು ತಾವೇ ಬರೆದು ಹುಡುಗಿಯರನ್ನು ಕರೆದರು, ಹುಡುಗಿಯರು ಬಿಡಿಸಿದರು. ಹೊರಡುವಾಗ ಅವರು ಹೆಡ್‌ಮಿಸ್ಟ್ರೆಸ್ ಹತ್ತಿರ, "ಈ ವಿಭಾಗ ಮುಂದುವರೀಲಿ, ಈ ಟೀಚರನ್ನ ಮಾತ್ರ ಬದಲಾಯಿಸಬೇಡಿ" ಎಂದದ್ದು ನನಗೂ ಕೇಳಿಸಿತು.

ನನ್ನನ್ನು ರೈಲು ಹತ್ತಿಸಲು ಟೀಚರ್ ಸ್ಟೇಷನ್ನಿಗೆ ಬಂದರು. "ನಾನು ಅಳಿಸಿ ಅಂತ ಹೇಳಿರ್ಲಿಲ್ವಾ? ಎಂಥ ಧೈರ್ಯ ನಿಮ್ದು!" ಎಂದೆ.

"ಧೈರ್ಯ ನಂದಲ್ಲ ಕಣೇ, ಆ ಹುಡುಗೀದು" ಎಂದರು. ಆಮೇಲೆ ಹೇಳಿದರು: "ಹೊಲಿಗೇಲಿ ನಾನು ತಪ್ಪೇ ಮಾಡ್ತಿರ್ಲಿಲ್ಲ. ನಿಮ್ಮನ್ನೆಲ್ಲ ಬಿಚ್ಚು ಬಿಚ್ಚು ಅಂದೆ, ನಂಗೆ ಬಿಚ್ಚಿ ಅನ್ನೋಕೆ ನಿಮಗೆ ಒಂದು ದಿನಾನೂ ಅವಕಾಶ ಸಿಗಲಿಲ್ಲ. ಪಾಪ, ನಿಂಗೆ ಕರ್ಚೀಫು ಮುಗಿಸೋಕಾಗ್ದಿದ್ದು ಅದಕ್ಕೇ ಏನೋ."

ನನ್ನ ಕಣ್ಣು ತುಂಬಿಬಂತು. ರೈಲು ಬರುವವರೆಗೂ ನಾನು ಅವರ ಕೈ ಬಿಡಲಿಲ್ಲ.